ತಕ್ಕಡಿ ಸರಿ, ಅಕ್ಕಿ ತಪ್ಪು: ಒಂದು ಮೆದುಳು ಜ್ವರದ ಪ್ರಕರಣ

ಉಡುಪಿ–ಮಂಗಳೂರು ಭಾಗದ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಕುಳಿತು ನೋಡಿದ ಪ್ರಕರಣ ಇದು. ನಾನು ರೇಡಿಯಾಲಜಿಸ್ಟ್. ರೋಗಿಯ ಊರು, ವಯಸ್ಸು, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ದಿನಗಳ ಲೆಕ್ಕ, ಚಿತ್ರದಲ್ಲಿ ಕಂಡದ್ದು, ನಾವು ಎಡವಿದ್ದು ಎಲ್ಲವನ್ನೂ ಇದ್ದ ಹಾಗೆಯೇ ಬಿಟ್ಟಿದ್ದೇನೆ. ಎಡವಿದವರಲ್ಲಿ ನಾನೂ ಒಬ್ಬ.

ಅಂಗಡಿಯಲ್ಲಿ ಮೂರು ದಿನ

ಐವತ್ತು ದಾಟಿದ ಗಂಡಸು. ಹಳ್ಳಿಯ ಮಾರ್ಗದ ಬದಿಯಲ್ಲಿ ಜಿನಸು ಅಂಗಡಿ. ಮನೆಮಾತು ತುಳು, ಗಿರಾಕಿಗಳೊಡನೆ ಕನ್ನಡ, ಬೇಕಾದರೆ ಕೊಂಕಣಿಯೂ. ಬೀಪಿ, ಸಕ್ಕರೆ ಕಾಯಿಲೆ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ಜ್ವರ, ತಲೆನೋವು ಶುರುವಾಯಿತು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಜ್ವರ ಎಂದರೆ ಮಲೇರಿಯಾ, ಡೆಂಗಿ, ಇಲಿ ಜ್ವರ. ಈ ಮೂರನ್ನು ದಾಟಿ ಆಚೆ ಯೋಚಿಸಲು ಯಾರಿಗಾದರೂ ಒಂದೆರಡು ದಿನ ಬೇಕು. ಊರಿನ ಡಾಕ್ಟರು ಮಲೇರಿಯಾಕ್ಕೆ ರಕ್ತ ನೋಡಿಸಿದರು, ಇರಲಿಲ್ಲ. ಪ್ಲೇಟ್‌ಲೆಟ್ ತುಸು ಕಡಿಮೆ ಇತ್ತು. ಪ್ಯಾರಾಸಿಟಮಾಲ್ ಕೊಟ್ಟು ಎರಡು ದಿನ ಬಿಟ್ಟು ಬರಹೇಳಿದರು. ಅದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ.

ಮೂರನೆಯ ದಿನ ಅವರು ಹಟ ಮಾಡಿ ಅಂಗಡಿಗೆ ಹೋದರು. ಬೆಳಿಗ್ಗೆಯಿಂದ ಎರಡು ಮೂರು ಸಲ "ಕರಟಿದ ವಾಸನೆ ಬರ್ತಾ ಉಂಟು" ಎಂದರಂತೆ. ಹೆಂಡತಿ ಗೋಡೆಯ ಸ್ವಿಚ್ಚು, ಒಳಗಿನ ಒಲೆ ಎಲ್ಲ ನೋಡಿ ಬಂದರು. ಎಲ್ಲಿಯೂ ಏನೂ ಸುಟ್ಟಿರಲಿಲ್ಲ. ಮಧ್ಯಾಹ್ನ ಒಬ್ಬರು ಕುಚ್ಚಲಕ್ಕಿ ಕೇಳಿದರೆ ಬೆಲ್ಲದ ಡಬ್ಬಿಗೆ ಕೈ ಹಾಕಿದರು. ಇನ್ನೊಬ್ಬರಿಗೆ ತೊಗರಿಬೇಳೆ ಕಟ್ಟಿ ಕೊಟ್ಟು "ತಾರಾಯಿ" ಎಂದರು. ತುಳುವಿನಲ್ಲಿ ತಾರಾಯಿ ಎಂದರೆ ತೆಂಗಿನಕಾಯಿ. ಗಿರಾಕಿಗಳು ನಕ್ಕರು, ಹೆಂಡತಿಯೂ ಜ್ವರದ ಮಂಪರು ಎಂದುಕೊಂಡರು. ಮರುದಿನ ಬೆಳಗಿನ ಜಾವ ಬಲಗೆನ್ನೆ, ಬಲಗೈ ಎಳೆಯತೊಡಗಿ, ಕ್ಷಣದಲ್ಲಿ ಮೈಯೆಲ್ಲ ಫಿಟ್ಸ್ ಬಂತು. ಆಂಬುಲೆನ್ಸಿನಲ್ಲಿ ನಮ್ಮಲ್ಲಿಗೆ ತಂದರು.

ಚೀಟಿಯಲ್ಲಿ ಬರೆದದ್ದು, ಬರೆಯದೆ ಉಳಿದದ್ದು

ಆ ಹೊತ್ತಿಗೆ ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರಿಗೆ ತುಳು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ರೋಗಿ ಎಚ್ಚರಗೊಂಡು ಏನೇನೋ ಹೇಳುತ್ತಿದ್ದರು. ಸಿಟಿ ಸ್ಕ್ಯಾನಿನ ಚೀಟಿಯಲ್ಲಿ ಬಂದದ್ದು ಇಷ್ಟು: ಜ್ವರ, ಫಿಟ್ಸ್, ಸಂಬಂಧವಿಲ್ಲದ ಮಾತು. ಸುಟ್ಟ ವಾಸನೆಯ ಮಾತಿಲ್ಲ. ಫಿಟ್ಸ್ ಬಲಗಡೆಯಿಂದ ಶುರುವಾಯಿತು, ಅಂದರೆ ನೋಡಬೇಕಾದದ್ದು ಮೆದುಳಿನ ಎಡಭಾಗ, ಎಂಬುದೂ ಇಲ್ಲ.

ನಾನು ಸಿಟಿ ನೋಡಿದೆ. ರಕ್ತಸ್ರಾವ ಇಲ್ಲ, ಗಡ್ಡೆ ಇಲ್ಲ, ಮೆದುಳು ಪಕ್ಕಕ್ಕೆ ಸರಿದಿಲ್ಲ. "ಗಮನಾರ್ಹ ದೋಷವಿಲ್ಲ" ಎಂದು ಬರೆದು ಮುಂದಿನ ಹೊಟ್ಟೆಯ ಸ್ಕ್ಯಾನಿಗೆ ಹೋದೆ. ಒಂದೂವರೆ ದಿನದ ನಂತರ ಅದೇ ಸಿಟಿಯನ್ನು ತೆರೆದು, ಪಾರ್ಶ್ವವಾಯು ಹುಡುಕುವಾಗ ಇಡುವ ಹಾಗೆ, ಸಣ್ಣ ವ್ಯತ್ಯಾಸವೂ ಎದ್ದು ಕಾಣುವಂತೆ ವಿಂಡೋ ಕಿರಿದು ಮಾಡಿ ನೋಡಿದರೆ, ಎಡ ಇನ್ಸುಲಾದ (ಮೆದುಳಿನ ಪಕ್ಕದ ಮಡಿಕೆಯೊಳಗೆ ಅಡಗಿರುವ ಭಾಗ) ಬೂದು ಪಟ್ಟಿ ಬಲಕ್ಕಿಂತ ಒಂದು ಛಾಯೆ ಮಾಸಿತ್ತು. ಮೊದಲ ದಿನಗಳ ಸಿಟಿ ಇಂಥ ಮೆದುಳು ಜ್ವರದಲ್ಲಿ ಪೂರ್ತಿ ಸರಿಯಾಗಿಯೇ ಕಾಣುವುದೂ ಸಾಮಾನ್ಯ, ಹಾಗಾಗಿ ನನ್ನನ್ನು ನಾನು ಸಮರ್ಥಿಸಿಕೊಳ್ಳಬಹುದು. ಆದರೆ ಎಡ ಟೆಂಪೊರಲ್ ಹಾಲೆಯನ್ನೇ, ಕಿವಿಯ ಬಳಿಯ ಮೆದುಳ ಭಾಗವನ್ನೇ ನೋಡಿ ಎಂದು ಯಾರಾದರೂ ಹೇಳಿದ್ದರೆ ಆ ಮಾಸಲು ಪಟ್ಟಿಯನ್ನು ಬಿಡುತ್ತಿರಲಿಲ್ಲ ಎಂಬುದೂ ನಿಜ.

ಸಿಟಿ ಸರಿ ಇದೆ ಎಂಬ ಒಂದು ಸಾಲು ಎಲ್ಲರನ್ನೂ ನಿಧಾನ ಮಾಡಿತು. ಬ್ಯಾಕ್ಟೀರಿಯಾ ಇರಬಹುದೆಂದು ಸೆಫ್ಟ್ರಿಯಾಕ್ಸೋನ್ ಹಾಕಿದರು. ಇಲಿ ಜ್ವರ, ಸ್ಕ್ರಬ್ ಟೈಫಸ್ ಇದ್ದರೂ ಇರಲಿ ಎಂದು ಡಾಕ್ಸಿಸೈಕ್ಲಿನ್ ಸೇರಿಸಿದರು. ಫಿಟ್ಸ್‌ಗೆ ಲೆವೆಟಿರಾಸಿಟಮ್. ಹರ್ಪಿಸ್ ವೈರಸ್ಸನ್ನು ತಡೆಯುವ ಅಸೈಕ್ಲೋವಿರ್ ಮಾತ್ರ ಯಾರ ಕೈಗೂ ಬರಲಿಲ್ಲ. ಬೆನ್ನಿನ ನೀರು ತೆಗೆಯಬೇಕೆಂದಾಗ ಮನೆಯವರು ಒಪ್ಪಲಿಲ್ಲ. "ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬೀಳ್ತದೆ" ಎಂದು ಯಾರೋ ಹೇಳಿದ್ದರು. ಹೆಂಡತಿಯ ಅಣ್ಣ ಬಂದು ಮಾತಾಡಿ ಒಪ್ಪಿಸುವಾಗ ಮರುದಿನ ಬೆಳಿಗ್ಗೆಯಾಯಿತು. ನೀರಿನಲ್ಲಿ ಬಿಳಿ ಕಣಗಳು ಎಪ್ಪತ್ತರ ಆಸುಪಾಸು, ಬಹುತೇಕ ಲಿಂಫೋಸೈಟು. ಪ್ರೋಟೀನ್ ಹೆಚ್ಚು, ಸಕ್ಕರೆ ಸರಿ, ಕೆಲವು ಕೆಂಪು ಕಣಗಳು. ಬ್ಯಾಕ್ಟೀರಿಯಾಕ್ಕಿಂತ ವೈರಸ್ ಎನ್ನುವ ನೀರು. ವೈರಸ್ಸಿನ ಗುರುತು ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸಿದರು, ಎಂಆರ್‌ಐ ಬರೆದರು.

ತಿರುವು ಬಂದದ್ದು ಇಲ್ಲಿ. ವಾರ್ಡಿನ ನರ್ಸ್ ಒಬ್ಬರಿಗೆ ತುಳು ಮನೆಮಾತು. ರೋಗಿಯ ಮಾತು ಕೇಳಿ ಅವರಿಗೆ ಏನೋ ಅನುಮಾನ. ಕೈಯಲ್ಲಿದ್ದ ಪೆನ್ನು ತೋರಿಸಿ "ಉಂದು ದಾದ?" ಎಂದು ಕೇಳಿದರು. ಇದೇನು ಎಂದರ್ಥ. ಸರಿಯಾಗಿ ಹೇಳಿದರು. ಬೀಗದ ಕೈ, ಸರಿ. ಗೋಡೆಯ ಗಡಿಯಾರ, ಸರಿ. ಮೊಬೈಲಿನಲ್ಲಿ ತಕ್ಕಡಿಯ ಚಿತ್ರ ತೋರಿಸಿದರು, ಅದೂ ಸರಿ. ಹೆಂಡತಿಯ ಚೀಲದಲ್ಲಿದ್ದ ಬಾಳೆಹಣ್ಣು ತೋರಿಸಿದರೆ "ತಾರಾಯಿ". ಬಿಸ್ಕೆಟ್ಟೂ ತಾರಾಯಿ. ಅಕ್ಕಿಯ ಚಿತ್ರ ತೋರಿಸಿದಾಗ ಸುಮ್ಮನೆ ನೋಡಿ, ಕಣ್ಣಲ್ಲಿ ನೀರು ತಂದುಕೊಂಡರಂತೆ.

"ಅಕ್ಕ, ಅಂಗಡಿಯಲ್ಲಿಯೂ ಹೀಗೆಯೇ ಆಗ್ತಿತ್ತಾ?"

"ಹೌದು ಸಿಸ್ಟರ್. ಸಾಮಾನಿನ ಹೆಸರು ತಪ್ಪುವುದು. ಲೆಕ್ಕ ಒಂದು ಪೈಸೆ ತಪ್ಪಲಿಲ್ಲ."

ರೋಗಿಯ ಜೊತೆ ಎಂಆರ್‌ಐಗೆ ಬಂದವರು ಆ ನರ್ಸೇ. ಬಾಗಿಲಲ್ಲಿ ನಿಂತು ನನಗೆ ಹೇಳಿದರು: "ಸರ್, ಇವರು ಬಡಬಡಿಸುವುದು ಅಂತ ಬರೆದಿದ್ದಾರೆ. ಹಾಗೆ ಅಲ್ಲ. ತಿನ್ನುವ ವಸ್ತುವಿನ ಹೆಸರು ಮಾತ್ರ ತಪ್ಪುತ್ತದೆ."

ಓದುವ ದಿನಗಳಲ್ಲಿ ಕುತೂಹಲಕ್ಕೆ ಓದಿ ಮರೆತಿದ್ದ ಒಂದು ಸಂಗತಿ ಆಗ ನೆನಪಾಯಿತು. 1984ರಲ್ಲಿ ವಾರಿಂಗ್ಟನ್ ಮತ್ತು ಶಾಲಿಸ್ ಎಂಬ ಇಬ್ಬರು ಸಂಶೋಧಕರು, ಹರ್ಪಿಸ್ ಮೆದುಳು ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ನಾಲ್ವರ ಬಗ್ಗೆ ಬರೆದಿದ್ದರು. ಜೀವವಿಲ್ಲದ ವಸ್ತುಗಳನ್ನು ಅವರು ಚೆನ್ನಾಗಿ ಗುರುತಿಸುತ್ತಿದ್ದರು. ಪ್ರಾಣಿ, ಗಿಡ, ತಿನಿಸುಗಳಲ್ಲಿ ಎಡವುತ್ತಿದ್ದರು. ಟೆಂಪೊರಲ್ ಹಾಲೆಯ ಮುಂಭಾಗ ಕೆಟ್ಟರೆ ಹೀಗಾಗುವುದುಂಟು. ಸುಟ್ಟ ವಾಸನೆಯ ಕತೆಯನ್ನೂ ಹೆಂಡತಿ ಆಗಲೇ ಹೇಳಿದರು. ವಾಸನೆಯ ತಂತುಗಳು ಬಂದು ಸೇರುವುದು ಅದೇ ಹಾಲೆಯ ಒಳಮೂಲೆಗೆ. ಇಲ್ಲದ ವಾಸನೆ ಬರುವುದು ಅಲ್ಲಿಂದ ಏಳುವ ಚಿಕ್ಕ ಫಿಟ್ಸ್ ಆಗಿರಬಹುದು. ಮೂರನೆಯ ದಿನವೇ, ಅಂಗಡಿಯಲ್ಲಿಯೇ, ಕಾಯಿಲೆ ತನ್ನ ಜಾಗ ಹೇಳಿಕೊಂಡಿತ್ತು.

ಎರಡು ನಿಮಿಷದ ಚಿತ್ರ

ಎಂಆರ್‌ಐ ಪೂರ್ತಿ ಮಾಡಲು ಅರ್ಧ ಗಂಟೆ ಬೇಕು. ರೋಗಿ ಅರ್ಧ ನಿಮಿಷವೂ ತಲೆ ನಿಲ್ಲಿಸುತ್ತಿರಲಿಲ್ಲ. ಸಾಮಾನ್ಯವಾಗಿ ನಾವು ಒಂದು ಕ್ರಮದಲ್ಲಿ ಹೋಗುತ್ತೇವೆ, ಮೊದಲು ಇದು, ಆಮೇಲೆ ಅದು ಎಂದು. ಹಾಗೆ ಹೋಗಿದ್ದರೆ ಮೊದಲ ಚಿತ್ರವೇ ಅಲುಗಾಡಿ ಹಾಳಾಗಿ, ಅರಿವಳಿಕೆ ವೈದ್ಯರು ಸಿಗುವವರೆಗೆ ರೋಗಿ ವಾರ್ಡಿಗೆ ವಾಪಸು. ಟೆಕ್ನೀಷಿಯನ್‌ಗೆ ಹೇಳಿದೆ: ಬೇರೆ ಎಲ್ಲ ಬಿಡಿ, ಡಿಫ್ಯೂಷನ್ ಮೊದಲು. ಅದರಲ್ಲಿ ಒಂದೊಂದು ಪದರದ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಇಡೀ ಮೆದುಳಿಗೆ ಒಂದೆರಡು ನಿಮಿಷ ಸಾಕು. ತಲೆ ಅಲುಗಿದರೆ ಕೆಲವು ಪದರಗಳು ಹೋಗಬಹುದು, ಉಳಿದವು ಉಳಿಯುತ್ತವೆ.

ಎಂಆರ್‌ಐಯಲ್ಲಿ ವೈರಸ್ ಕಾಣುತ್ತದೆಯೇ ಎಂದು ಮನೆಯವರು ಕೇಳುವುದುಂಟು. ಕಾಣುವುದಿಲ್ಲ. ಹರ್ಪಿಸ್ ವೈರಸ್ ಸುಮಾರು 200 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲು. ನಮ್ಮ ಚಿತ್ರದ ಒಂದು ಚುಕ್ಕೆಯೇ ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ದೊಡ್ಡದು. ನಮಗೆ ಕಾಣುವುದು ನೀರು. ಆರೋಗ್ಯವಾದ ಮೆದುಳಿನಲ್ಲಿ ಜೀವಕೋಶಗಳ ಸಂದಿಯಲ್ಲಿ ನೀರಿನ ಕಣಗಳು ಓಡಾಡಿಕೊಂಡಿರುತ್ತವೆ. ಸೋಂಕಿನ ಪೆಟ್ಟಿಗೆ ಕೋಶಗಳು ಊದಿದರೆ ಸಂದಿ ಮುಚ್ಚುತ್ತದೆ, ನೀರು ಹುಣಿ ಕಟ್ಟಿದ ಗದ್ದೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಡಿಫ್ಯೂಷನ್ ಚಿತ್ರದಲ್ಲಿ ಹಾಗೆ ನಿಂತ ಜಾಗ ಬೆಳ್ಳಗೆ ಹೊಳೆಯುತ್ತದೆ. ಯಾವ ವೈರಸ್ ಎಂಬುದನ್ನು ನಾವು ಊಹಿಸುವುದು ಬೆಳ್ಳಗಾದ ಜಾಗ ಯಾವುದು ಎಂಬುದರಿಂದ. ಜಪಾನೀಸ್ ಎನ್ಸೆಫಲೈಟಿಸ್ ಹೆಚ್ಚಾಗಿ ಮೆದುಳಿನ ಆಳದಲ್ಲಿರುವ ಎರಡೂ ಬದಿಯ ಥಲಾಮಸ್ ಹಿಡಿಯುತ್ತದೆ. ಎಂಟರೊವೈರಸ್ 71 ಮೆದುಳ ಕಾಂಡದ ಹಿಂಭಾಗವನ್ನು ಹುಡುಕುತ್ತದೆ. ಹರ್ಪಿಸ್‌ಗೆ ಟೆಂಪೊರಲ್ ಹಾಲೆ, ಇನ್ಸುಲಾ, ಹಣೆಯ ಹಿಂದಿನ ಮೆದುಳಿನ ತಳಭಾಗ ಪ್ರಿಯ.

ಎರಡು ನಿಮಿಷದಲ್ಲಿ ಚಿತ್ರ ಬಂತು. ಮೂರು ಪದರ ಹಾಳಾಗಿದ್ದವು. ಉಳಿದವುಗಳಲ್ಲಿ ಎಡ ಟೆಂಪೊರಲ್ ಹಾಲೆಯ ತುದಿ ಮತ್ತು ಇನ್ಸುಲಾ ಸುಣ್ಣ ಬಳಿದ ಹಾಗೆ ಬಿಳಿ. ವರದಿ ಟೈಪ್ ಮಾಡಲು ಕೂರಲಿಲ್ಲ. ನರರೋಗ ವೈದ್ಯರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು: "ಫಿಟ್ಸ್ ಬಂದು ಒಂದೂವರೆ ದಿನವಾಯಿತು, ಅದರಿಂದಲೂ ಹೀಗೆ ಹೊಳೆಯಬಹುದಲ್ವಾ? ಸ್ಟ್ರೋಕ್ ಯಾಕಲ್ಲ?"

ಫಿಟ್ಸ್‌ನಿಂದ ಆಗಬಹುದು ಎಂದು ಒಪ್ಪಿದೆ. ಸ್ಟ್ರೋಕ್ ಎನ್ನಲು ಮಾತ್ರ ಮನಸ್ಸು ಬರಲಿಲ್ಲ. ಬಿಳುಪು ಇನ್ಸುಲಾದಲ್ಲಿ ಹರಡಿ, ಪಕ್ಕದ ಪುಟಾಮೆನ್ ಎಂಬ ಭಾಗದ ಅಂಚಿಗೆ ಬಂದು ಗೆರೆ ಎಳೆದ ಹಾಗೆ ನಿಂತಿತ್ತು. ಆ ಭಾಗಕ್ಕೆ ರಕ್ತ ತರುವ ದೊಡ್ಡ ನಾಳ ಮುಚ್ಚಿದ್ದರೆ ಹಾಗೆ ಅಲ್ಲಿಗೇ ನಿಲ್ಲುವುದು ಅಪರೂಪ. ಹರ್ಪಿಸ್‌ನಲ್ಲಿ ಅದು ತೀರ ಪರಿಚಿತ ನೋಟ. ಜೊತೆಗೆ ಜ್ವರ, ವಾಸನೆ, ತಾರಾಯಿ.

ಅವರು ಒಂದು ಕ್ಷಣ ಸುಮ್ಮನಿದ್ದು, "ಅಸೈಕ್ಲೋವಿರ್ ಹಾಕಿಬಿಡುವ. ತರ್ಕ ಆಮೇಲೆ ಮಾಡುವ" ಎಂದರು. ಅರ್ಧ ಗಂಟೆಯಲ್ಲಿ ಮೊದಲ ಡೋಸ್ ಹೋಯಿತು. ಆಸ್ಪತ್ರೆಗೆ ಬಂದು ಸುಮಾರು ಮೂವತ್ತು ಗಂಟೆಗಳಾಗಿದ್ದವು. ಚಿಕಿತ್ಸೆ ಇಲ್ಲದೆ ಬಿಟ್ಟರೆ ಈ ಕಾಯಿಲೆಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಉಳಿಯುವುದಿಲ್ಲ. ಅಸೈಕ್ಲೋವಿರನ್ನು ಹಳೆಯ ಔಷಧಿ ವಿಡಾರಬಿನ್‌ಗೆ ಹೋಲಿಸಿ 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸಾವು ಶೇಕಡಾ 54ರಿಂದ 28ಕ್ಕೆ ಇಳಿದಿತ್ತು. ಬೇಗ ಹಾಕಿದಷ್ಟೂ ಉಳಿಯುವುದು ಹೆಚ್ಚು, ಜೀವವೂ ಮಾತೂ. ನಿಜ ಹೇಳಬೇಕೆಂದರೆ ಮೂವತ್ತು ಗಂಟೆ ಬೇಕಿರಲಿಲ್ಲ. ಜ್ವರ, ಫಿಟ್ಸ್, ಬದಲಾದ ನಡವಳಿಕೆ ಮೂರೂ ಇದ್ದಾಗ ಚಿತ್ರಕ್ಕೂ ಬೆನ್ನಿನ ನೀರಿಗೂ ಕಾಯದೆ ಮೊದಲ ದಿನವೇ ಹಾಕಬೇಕಾದ ಔಷಧಿ ಅದು. ಬೇಡವೆಂದು ಗೊತ್ತಾದ ಮೇಲೆ ನಿಲ್ಲಿಸಬಹುದಿತ್ತು.

ಇಲ್ಲಿ ಒಂದು ಪಕ್ಕದ ಮಾತು. ಸ್ಕ್ಯಾನ್ ನಡೆಯುವಾಗ ಟೆಕ್ನೀಷಿಯನ್ ಮೆಲ್ಲಗೆ ಕೇಳಿದ: "ಸರ್, ಇದು ಅದಲ್ಲ ತಾನೇ?" ಅವನು ಹೆಸರು ಹೇಳಲಿಲ್ಲ, ನಾನೂ ಹೇಳಲಿಲ್ಲ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಿಂದ ಬಂದ ಮಾದರಿಯಲ್ಲಿ ನಿಪಾ ವೈರಸ್ಸನ್ನು ಮೊದಲು ಪತ್ತೆ ಮಾಡಿದ್ದು ನಮ್ಮ ಪಕ್ಕದ ಮಣಿಪಾಲದ ವೈರಸ್ ಪ್ರಯೋಗಾಲಯ, ಖಚಿತ ಮಾಡಿದ್ದು ಪುಣೆಯ ರಾಷ್ಟ್ರೀಯ ಸಂಸ್ಥೆ. ಅಂದಿನಿಂದ ಈ ಕರಾವಳಿಯಲ್ಲಿ ಜ್ವರದ ಜೊತೆ ಪ್ರಜ್ಞೆ ತಪ್ಪಿದವರನ್ನು ಯಂತ್ರದೊಳಗೆ ತಳ್ಳುವ ಯಾರಿಗೂ ಆ ಪ್ರಶ್ನೆ ಬಾರದೆ ಇರುವುದಿಲ್ಲ. ಕೇರಳಕ್ಕೆ ಹೋಗಿದ್ದರೇ, ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರವೇ ಎಂದು ಮೊದಲೇ ಕೇಳಿ, ಎಲ್ಲರೂ ಮಾಸ್ಕ್ ಹಾಕಿಯೇ ಇದ್ದೆವು. ನಿಪಾದ ಚಿತ್ರದಲ್ಲಿ ಬಿಳಿಯ ಚಿಕ್ಕ ಚಿಕ್ಕ ಚುಕ್ಕೆಗಳು ಮೆದುಳಿನ ಒಳಭಾಗದಲ್ಲಿ ಅಲ್ಲಲ್ಲಿ ಚದುರಿರುತ್ತವೆ. ಇಲ್ಲಿ ಹಾಗಿರಲಿಲ್ಲ. ಮಂಗನ ಕಾಯಿಲೆ? ಅದು ಬೇಸಿಗೆಯ ಕಾಯಿಲೆ, ಕಾಡಿಗೆ ಹೋಗುವವರದ್ದು. ಆಟಿಯ ಮಳೆಯಲ್ಲಿ ಅಂಗಡಿಯಲ್ಲಿ ಕುಳಿತವರಿಗೆ ಬರುವಂಥದ್ದಲ್ಲ.

ನಿಲ್ಲಿಸಲು ಎರಡು ಕಾರಣ

ಜ್ವರದ ಏಳನೆಯ ದಿನ ಪಿಸಿಆರ್ ಬಂತು. ಹರ್ಪಿಸ್ ನೆಗೆಟಿವ್.

ಮರುದಿನ, ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.9ರಿಂದ 2ರ ಹತ್ತಿರಕ್ಕೆ ಏರಿತು. ಅಸೈಕ್ಲೋವಿರ್ ಹರಳುಗಟ್ಟಿ ಮೂತ್ರಪಿಂಡದ ಸಣ್ಣ ನಾಳಗಳನ್ನು ಕಟ್ಟಬಲ್ಲದು. ವಿಚಾರಿಸಿದರೆ, ರಾತ್ರಿಯ ಡೋಸ್‌ಗಳನ್ನು ಒಂದು ಗಂಟೆ ನಿಧಾನವಾಗಿ ಹಾಕುವ ಬದಲು ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಸಿದ್ದರು, ಗ್ಲೂಕೋಸ್ ಬಾಟಲಿಯೂ ಕಡಿಮೆಯಾಗಿತ್ತು. ಈಗ ನಿಲ್ಲಿಸಿ ಎನ್ನಲು ಎರಡು ಕಾರಣಗಳಿದ್ದವು, ಎರಡೂ ಕಾಗದದ ಮೇಲೆ ಅಂಕಿಯಾಗಿ ಕಾಣುವಂಥವು. ಮುಂದುವರಿಸಿ ಎನ್ನಲು ಇದ್ದದ್ದು ಒಂದು ಅಲುಗಾಡಿದ ಚಿತ್ರ ಮತ್ತು ತುಳುವಿನ ಒಂದು ಶಬ್ದ.

ಮಂಚದ ಬದಿಯಲ್ಲಿ ನಿಂತು ಮಾತಾಡಿದೆವು. ಮೂತ್ರಪಿಂಡ ತಜ್ಞರು ನಿಲ್ಲಿಸುವುದೇ ಒಳ್ಳೆಯದು ಎಂದರು. ನರರೋಗ ವೈದ್ಯರು ಒಪ್ಪಲಿಲ್ಲ. ಮೆದುಳಿನ ಲಕ್ಷಣ ಶುರುವಾದ ಮೊದಲ ಮೂರು ದಿನಗಳಲ್ಲಿ ತೆಗೆದ ನೀರಿನಲ್ಲಿ ಪಿಸಿಆರ್ ಸುಳ್ಳು ನೆಗೆಟಿವ್ ಬರಬಹುದು, ನಮ್ಮ ಮಾದರಿ ಎರಡನೆಯ ದಿನದ್ದು ಎಂದರು. ಹರ್ಪಿಸ್ ಅಲ್ಲದಿದ್ದರೆ ಇದು ಏನು ಎಂದು ಕೇಳಿದರೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕೊನೆಗೆ ಮೂತ್ರಪಿಂಡಕ್ಕೆ ತಕ್ಕಂತೆ ಡೋಸ್ ಇಳಿಸುವುದು, ನೀರು ಚೆನ್ನಾಗಿ ಕೊಡುವುದು, ಗಂಟೆ ಹಿಡಿದು ನಿಧಾನ ಹಾಕುವುದು, ಮರುದಿನ ಅರಿವಳಿಕೆ ಕೊಟ್ಟು ಪೂರ್ತಿ ಎಂಆರ್‌ಐ, ಆಮೇಲೆ ಬೆನ್ನಿನ ನೀರು ಇನ್ನೊಮ್ಮೆ ಎಂದಾಯಿತು. ಈ ಸಲ ಹೆಂಡತಿ ಯಾರನ್ನೂ ಕೇಳದೆ ಸಹಿ ಹಾಕಿದರು.

ಎರಡನೆಯ ಎಂಆರ್‌ಐ ಮೊದಲಿಗಿಂತ ಕೆಟ್ಟದಾಗಿತ್ತು. ಎಡ ಟೆಂಪೊರಲ್ ಹಾಲೆ ಪೂರ್ತಿ ಊದಿತ್ತು, ಮೆದುಳಿನ ನಡುಭಾಗದ ಸಿಂಗ್ಯುಲೇಟ್‌ಗೂ ಹಬ್ಬಿತ್ತು, ರಕ್ತ ಜಿನುಗಿದ ಕಪ್ಪು ಚುಕ್ಕೆಗಳಿದ್ದವು, ಬಲ ಇನ್ಸುಲಾದಲ್ಲಿಯೂ ಬಿಳುಪು ಶುರುವಾಗಿತ್ತು. ಔಷಧಿ ಕೆಲಸ ಮಾಡುತ್ತಿಲ್ಲ ಎಂದು ಒಬ್ಬರು ಹೇಳಿದರು. ನನಗೆ ಹಾಗೆ ಅನಿಸಲಿಲ್ಲ. ಚಿಕಿತ್ಸೆ ಹಿಡಿದರೂ ಮೊದಲ ವಾರ ಚಿತ್ರ ಹಿಂದುಳಿಯುತ್ತದೆ. ಮಳೆ ನಿಂತ ಮೇಲೂ ಹೊಳೆಯಲ್ಲಿ ನೀರು ಏರುವುದಿಲ್ಲವೇ, ಹಾಗೆ. ಇದಕ್ಕಿಂತ ಮುಖ್ಯವಾಗಿ, ಫಿಟ್ಸ್‌ನ ಹೊಳಪಾಗಿದ್ದರೆ ಇಷ್ಟರಲ್ಲಿ ಮಾಸಬೇಕಿತ್ತು, ಸ್ಟ್ರೋಕ್ ಆಗಿದ್ದರೆ ಎರಡೂ ಬದಿಗೆ ಹೀಗೆ ಹಬ್ಬಬಾರದು. ಚಿತ್ರ ಕೆಟ್ಟದಾದಷ್ಟೂ ರೋಗನಿರ್ಣಯ ಗಟ್ಟಿಯಾಯಿತು. ಸಂತೋಷಪಡುವಂಥ ವಿಷಯವಲ್ಲ, ಆದರೂ ಆ ದಿನ ಸ್ವಲ್ಪ ಹಗುರವಾದದ್ದು ಹೌದು.

ಎರಡನೆಯ ಪಿಸಿಆರ್ ಪಾಸಿಟಿವ್. ಹರ್ಪಿಸ್ ಸಿಂಪ್ಲೆಕ್ಸ್, ಒಂದನೆಯ ಬಗೆ. ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಏಳಿಸುವ ಅದೇ ವೈರಸ್.

ಆಮೇಲೆ

ಕ್ರಿಯಾಟಿನಿನ್ ವಾರದೊಳಗೆ ಇಳಿಯಿತು. ಒಟ್ಟು 21 ದಿನ ಔಷಧಿ ಕೊಟ್ಟು ಮನೆಗೆ ಕಳಿಸಿದರು. ನಡೆಯುತ್ತಿದ್ದರು, ಹೆಂಡತಿ ಮಕ್ಕಳ ಗುರುತಿತ್ತು, ಹೊಸ ಸಂಗತಿ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಮಾತಿನ ಚಿಕಿತ್ಸೆಗೆ ಸೇರಿಸಿದಾಗ ಅಲ್ಲಿದ್ದ ಕಾರ್ಡುಗಳಲ್ಲಿ ಸೇಬು, ಜಿರಾಫೆ. ಮಗ ಅಂಗಡಿಯ ಒಂದೊಂದು ಡಬ್ಬಿಯ ಫೋಟೊ ತೆಗೆದು ತಂದ. ಅದರಿಂದಲೇ ತುಳುವಿನಲ್ಲಿ ಅಭ್ಯಾಸ ನಡೆಯಿತು.

ಆರನೆಯ ವಾರ ಹೆಂಡತಿಯಿಂದ ಫೋನ್. ನಿದ್ರೆ ಇಲ್ಲ, ಸಿಡುಕು, ತಟ್ಟೆ ಎಸೆದರಂತೆ. ಹರ್ಪಿಸ್ ವಾಸಿಯಾದ ಕೆಲವು ವಾರಗಳಲ್ಲಿ ದೇಹದ್ದೇ ಪ್ರತಿಕಾಯಗಳು ಮೆದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆ ತಿರುಗಿಬೀಳುವುದುಂಟು. ಅದನ್ನು ಬಿಟ್ಟರೆ ಕಷ್ಟ. ಕರೆಸಿ ಎಂಆರ್‌ಐ ಮಾಡಿದೆವು, ಹೊಸ ಬಿಳುಪು ಇರಲಿಲ್ಲ. ಆದರೆ ಆ ಕಾಯಿಲೆಯಲ್ಲಿ ಚಿತ್ರ ಸರಿಯಾಗಿಯೇ ಇರಬಹುದು, ಹಾಗಾಗಿ ನನ್ನ ವರದಿಯ ಮೇಲೆ ಯಾರೂ ಒರಗಲಿಲ್ಲ, ಒರಗಬಾರದಿತ್ತು ಕೂಡ. ಬೆನ್ನಿನ ನೀರಿನಲ್ಲಿ ವೈರಸ್ಸೂ ಇಲ್ಲ, ಪ್ರತಿಕಾಯವೂ ಇಲ್ಲ. ಸಿಡುಕಿಗೆ ಕಾರಣ ಲೆವೆಟಿರಾಸಿಟಮ್ ಎಂದು ನರರೋಗ ವೈದ್ಯರು ಅಂದಾಜಿಸಿದರು. ಮಾತ್ರೆ ಬದಲಿಸಿದ ಹತ್ತು ದಿನದಲ್ಲಿ ಮನುಷ್ಯ ತಣ್ಣಗಾದರು.

ನಮ್ಮ ಕೋಣೆಯಲ್ಲಿ ಬದಲಾದದ್ದು ಎರಡೇ. ಗೊಂದಲದ ಮಾತು ಎಂದು ಚೀಟಿ ಬಂದರೆ, ಯಾವ ಭಾಷೆಯಲ್ಲಿ ಗೊಂದಲ, ಆ ಭಾಷೆ ಬಲ್ಲವರು ಯಾರಾದರೂ ಕೇಳಿದ್ದಾರೆಯೇ ಎಂದು ಫೋನ್ ಮಾಡಿ ವಿಚಾರಿಸುತ್ತೇವೆ. ಸುಮ್ಮನೆ ಮಲಗದ ರೋಗಿಗೆ ಡಿಫ್ಯೂಷನ್ ಮೊದಲು, ಯಾರನ್ನೂ ಕೇಳಬೇಕಿಲ್ಲ. ಸಿಟಿಯ ವಿಂಡೋ ಕಿರಿದು ಮಾಡಿ ಎರಡು ಇನ್ಸುಲಾಗಳನ್ನು ಅಕ್ಕಪಕ್ಕ ನೋಡುವುದನ್ನು ನಾನು ಯಾವ ನಿಯಮದಲ್ಲಿಯೂ ಬರೆದಿಲ್ಲ. ಕೈ ತಾನಾಗಿ ಹೋಗುತ್ತದೆ.

ಆರು ತಿಂಗಳ ಮೇಲೆ ಮತ್ತೊಮ್ಮೆ ಬಂದಿದ್ದರು. ಚಿತ್ರದಲ್ಲಿ ಎಡ ಟೆಂಪೊರಲ್ ಹಾಲೆಯ ಮುಂಭಾಗ ಕುಗ್ಗಿ, ಆ ಜಾಗದಲ್ಲಿ ನೀರು ತುಂಬಿತ್ತು. ಬಲಗಡೆ ಬಹುತೇಕ ಉಳಿದಿತ್ತು. ಹೊರಗೆ ಅವರು ಕೌಂಟರಿನ ಬಿಲ್ಲನ್ನು ಬೆರಳಲ್ಲಿ ಕೂಡಿಸಿ ನೋಡುತ್ತಿದ್ದರು.

"ಅಂಗಡಿಗೆ ಹೋಗ್ತಾರಾ?" ಎಂದು ಹೆಂಡತಿಯನ್ನು ಕೇಳಿದೆ.

"ದಿನಾ ಹೋಗ್ತಾರೆ ಡಾಕ್ಟ್ರೇ. ಅಕ್ಕಿ ಅಂತ ಬಾಯಿಗೆ ಬರುವುದಿಲ್ಲ. ಐವತ್ತೆರಡರದ್ದು ಅಂತಾರೆ. ಬೆಲ್ಲ ಅರುವತ್ತರದ್ದು. ಊರಿನವರಿಗೆಲ್ಲ ಅಭ್ಯಾಸ ಆಗಿದೆ, ಅವರೂ ಬಂದು ಐವತ್ತೆರಡರದ್ದು ಎರಡು ಕಿಲೋ ಕೊಡಿ ಅಂತಾರೆ." ಸ್ವಲ್ಪ ತಡೆದು ನಕ್ಕರು. "ರೇಟು ಏರಿದ ದಿನ ಮಾತ್ರ ಕಷ್ಟ. ಎಲ್ಲದಕ್ಕೂ ಹೊಸ ಹೆಸರು ಕಲೀಬೇಕು."